ಅಲರ್ಟ್ ಬಂದಿತ್ತು, ನಾನು ಸ್ವೈಪ್ ಮಾಡಿದ್ದೆ

 

ನಾನು ಗದಗ ಜಿಲ್ಲೆಯ ಮುಶಿಗೇರಿಯವನು. ಮೊದಲು ರೋಣ ತಾಲ್ಲೂಕು, ಈಗ ಗಜೇಂದ್ರಗಡ ತಾಲ್ಲೂಕು. ಕೆಲಸ ಹುಬ್ಬಳ್ಳಿಯಲ್ಲಿ. ಇವತ್ತು ಮಾತಾಡೋದು ನಮ್ಮೆಲ್ಲರ ಫೋನಿಗೆ ಬರೋ ಒಂದು ಸಣ್ಣ ಮೆಸೇಜಿನ ಬಗ್ಗೆ. ನೀವೂ ನೋಡಿರ್ತೀರಿ. ಮುಂದಿನ ಮೂರು ತಾಸಿನಲ್ಲಿ ಜಿಲ್ಲೆಯ ಕೆಲವು ಕಡೆ ಗುಡುಗು, ಸಿಡಿಲು, ಬಿರುಗಾಳಿ ಸಹಿತ ಮಳೆ ಸಾಧ್ಯತೆ. ಪಕ್ಕದಲ್ಲಿ ಹಳದಿನೋ ಕೇಸರಿನೋ ಒಂದು ಬಣ್ಣ. ನೋಡ್ತೀವಿ, ಹೆಬ್ಬೆರಳಿಂದ ಬದಿಗೆ ಸರಿಸ್ತೀವಿ, ರೀಲ್ಸ್‌ಗೆ ವಾಪಸ್ ಹೋಗ್ತೀವಿ.

ಹೋದ ವರ್ಷ ಮೇ ತಿಂಗಳಲ್ಲಿ ನಾನೂ ಹಂಗೇ ಸರಿಸಿದ್ದೆ. ಮಧ್ಯಾಹ್ನ ಮೂರರ ಸುಮಾರು, ಆಫೀಸಿನಲ್ಲಿ ಚಹಾದ ಟೈಮು. ಆ್ಯಪಿನಲ್ಲಿ ನಮ್ಮ ಜಿಲ್ಲೆ ಹಾಕಿಟ್ಟಿದ್ದೆ, ಅದಕ್ಕೆ ಬಂತು. ಆರೆಂಜ್ ಅಲರ್ಟ್. ಆ ತಿಂಗಳು ಅಂಥವು ಎಷ್ಟೋ ಬಂದಿದ್ದವು. ಪ್ರತಿ ಸಲ ಊರಿಗೆ ಫೋನ್ ಮಾಡಿದಾಗ ಅವ್ವ "ಹನಿ ಸುದ್ದಾ ಬಿದ್ದಿಲ್ಲಪಾ, ಬರೇ ಗಾಳಿ" ಅಂತಿದ್ದಳು. ಹಂಗಾಗಿ ಆವತ್ತು ಫೋನ್ ಮಾಡಲಿಲ್ಲ.

ಅದೇ ಹೊತ್ತಿಗೆ ನಮ್ಮ ಕಾಕಾ ಹೊಲದಲ್ಲಿದ್ದ. ಮುಂಗಾರಿಗೆ ಹೆಸರು ಬಿತ್ತೋ ತಯಾರಿ, ಕುಂಟಿ ಹೊಡೀತಿದ್ದ. ಮುಗಿಲು ಕಪ್ಪಾಯ್ತು, ಗಾಳಿ ಎದ್ದಿತು. ಎತ್ತು ಬಿಚ್ಚಿ, ಎರಡನ್ನೂ ಬೇವಿನ ಗಿಡಕ್ಕೆ ಕಟ್ಟಿದ. ಊರವರಿಗೆ ಗೊತ್ತಿರಲಿ, ನಮ್ಮ ಕಡೆ ಎಷ್ಟೇ ದೊಡ್ಡ ಮರ ಇದ್ದರೂ ಅದಕ್ಕೆ ಗಿಡ ಅಂತೀವಿ. ಬದುವಿನ ಮೇಲೆ ಬಿಟ್ಟಿದ್ದ ಗೋಣಿಚೀಲ ತಲೆ ಮೇಲೆ ಹಾಕ್ಕೊಳ್ಳೋಕೆ ಅಂತ ಹತ್ತು ಹದಿನೈದು ಮಾರು ಆಚೆ ಹೋದ. ಅಷ್ಟರಲ್ಲಿ ಸಿಡಿಲು ಆ ಗಿಡಕ್ಕೇ ಬಿತ್ತು.

ಕಾಕಾ ಉಳಿದ. ನೆಲಕ್ಕೆ ಬಿದ್ದಿದ್ದ, ಎಷ್ಟು ಹೊತ್ತು ಅಂತ ಅವನಿಗೇ ಗೊತ್ತಿಲ್ಲ. ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಲ್ಲ. ಎರಡೂ ಎತ್ತು ಅಲ್ಲೇ ಹೋದವು.

ಮರುದಿನ ಊರಿಗೆ ಹೋದೆ. ಕಟ್ಟೆ ಮೇಲೆ ಕೂತಿದ್ದ. ಯಾರೋ ಹೇಳಿದ್ದರು ಅಂತ ಕಾಣುತ್ತೆ, ನನ್ನ ನೋಡಿ ಕೇಳಿದ: "ತಮ್ಮಾ, ನಿನ್ನ ಫೋನಿಗೆ ಮೊದಲs ಬಂದಿತ್ತಂತಲ್ಲ?" ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಸಿಟ್ಟು ಮಾಡಿದ್ದರೆ ಚಲೋ ಇತ್ತು. ನಾನು ಹೂಂ ಅಂದೆ. ಅವನು ಅದಕ್ಕೆ ಏನೂ ಅನ್ನಲಿಲ್ಲ.

ಅಲ್ಲಿಂದ ಈ ಅಲರ್ಟ್ ಅಂದ್ರೆ ಏನು ಅಂತ ಹುಡುಕೋಕೆ ಶುರು ಮಾಡಿದೆ.

ಮೊದಲನೇದು ಬಣ್ಣ. ನಾನು ತಿಳ್ಕೊಂಡಿದ್ದು ಹಳದಿ ಅಂದ್ರೆ ಸಣ್ಣ ಮಳೆ, ಕೇಸರಿ ಅಂದ್ರೆ ನಡುವಿನದು, ಕೆಂಪು ಅಂದ್ರೆ ದೊಡ್ಡದು ಅಂತ. ಪೂರ್ತಿ ತಪ್ಪಲ್ಲ, ಆದರೆ ಹವಾಮಾನ ಇಲಾಖೆ ಆ ಬಣ್ಣದಲ್ಲಿ ಹೇಳೋದು ನಾವು ಎಷ್ಟು ತಯಾರಾಗಿರಬೇಕು ಅನ್ನೋದನ್ನ. ಹಸಿರು ಅಂದ್ರೆ ನಿಮ್ಮ ಕೆಲಸ ನೀವು ಮಾಡಿ. ಹಳದಿ ಅಂದ್ರೆ ಸುದ್ದಿ ನೋಡ್ತಾ ಇರಿ. ಕೇಸರಿ ಅಂದ್ರೆ ತಯಾರಾಗಿ. ಕೆಂಪು ಅಂದ್ರೆ ಈಗಲೇ ಏನು ಮಾಡಬೇಕೋ ಮಾಡಿ. ಮಳೆ ಲೆಕ್ಕ ಬೇರೆನೇ ಇದೆ: ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಸಿಡಿಲಿಗೆ ಈ ಲೆಕ್ಕ ಬರಲ್ಲ. ಹನಿ ಬೀಳೋ ಮೊದಲೇ ಅದು ಬೀಳಬಹುದು.

ಎರಡನೇದು, "ಸುಳ್ಳು ಅಲರ್ಟ್" ಅನ್ನೋ ಮಾತು. ಗದಗ ಜಿಲ್ಲೆಯ ವಿಸ್ತಾರ 4,656 ಚದರ ಕಿಲೋಮೀಟರ್. ಬೇಸಿಗೆಯ ಒಂದು ಗುಡುಗು ಮೋಡ ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲ ಇದೆ ಅಂತ ಇಟ್ಕೊಳ್ಳಿ. ಅದು ನೂರು ಚದರ ಕಿಲೋಮೀಟರ್. ಅಂದ್ರೆ ಜಿಲ್ಲೆಗೆ ಅಲರ್ಟ್ ಬಂದು, ಒಂದೇ ಮೋಡ ಎದ್ದರೆ, ಅದು ನಿಮ್ಮ ಹೊಲದ ಮೇಲೇ ಬರೋದು ಸುಮಾರು ನಲವತ್ತಾರರಲ್ಲಿ ಒಂದು ಪಾಲು. ಮುಂಡರಗಿಯಲ್ಲಿ ಗಿಡ ಉರುಳಿದ್ದು, ತಗಡು ಹಾರಿದ್ದು ಮುಶಿಗೇರಿಯಲ್ಲಿ ಇರೋರಿಗೆ ಕಾಣಲ್ಲ. ನಮಗೆ ಕಾಣೋದು ಬಿಸಿಲು. "ನೋಡ್ರಪಾ, ಮತ್ತ ಸುಳ್ಳು" ಅಂತೀವಿ. ಹೆಲ್ಮೆಟ್ ಹಾಕ್ಕೊಂಡ ದಿನ ಗಾಡಿಯಿಂದ ಬೀಳಲಿಲ್ಲ ಅಂತ ಯಾರೂ ಹೆಲ್ಮೆಟ್‌ಗೆ ಬೈಯಲ್ಲ. ಇದಕ್ಕೆ ಮಾತ್ರ ಬೈತೀವಿ.

2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ. ಎತ್ತು, ಎಮ್ಮೆ, ಕುರಿ ಈ ಲೆಕ್ಕದಲ್ಲಿ ಇಲ್ಲ.

ಇಲ್ಲಿ ನಮ್ಮ ಅಮ್ಮನ ಮಾತು ಬರುತ್ತೆ. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ಗುಡುಗು ಶುರುವಾದರೆ ಅಮ್ಮ ಅರ್ಜುನನ ಹತ್ತು ಹೆಸರು ಹೇಳ್ತಾಳೆ. ನಿಮ್ಮ ಮನೆಯಲ್ಲೂ ಹೇಳ್ತಿರಬಹುದು. ಸಣ್ಣವರಿದ್ದಾಗ ನಗ್ತಿದ್ದೆವು. ಈಗ ನಾನು ಅದನ್ನ ಗಡಿಯಾರ ಮಾಡ್ಕೊಂಡಿದ್ದೀನಿ. ಮಿಂಚು ಕಣ್ಣಿಗೆ ಆ ಕ್ಷಣಕ್ಕೇ ಕಾಣುತ್ತೆ, ಗುಡುಗಿನ ಶಬ್ದ ಮಾತ್ರ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡ್ ತಗೊಳ್ಳುತ್ತೆ. ಅಮ್ಮ ಒಂದು ಹೆಸರಿಗೆ ಒಂದು ಸೆಕೆಂಡಿನ ಹಂಗೆ ಹೇಳ್ತಾಳೆ. ಮಿಂಚಿದಾಗ ಶುರು ಮಾಡಿ, ಹತ್ತು ಹೆಸರು ಮುಗಿಯೋ ಹೊತ್ತಿಗೆ ಗುಡುಗಿದರೆ ಸಿಡಿಲು ಮೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ. ಮೂರು ಸುತ್ತು ಅಂದ್ರೆ ಮೂವತ್ತು ಸೆಕೆಂಡ್, ಹತ್ತು ಕಿಲೋಮೀಟರ್. ಮೂರು ಸುತ್ತು ಪೂರ್ತಿ ಆಗೋದರೊಳಗೆ ಗುಡುಗು ಕೇಳಿದರೆ ಒಳಗೆ ಹೋಗಬೇಕು. ಯಾಕಂದ್ರೆ ಮುಂದಿನದು ಇಲ್ಲೇ ಬೀಳಬಹುದು. ಕೊನೇ ಗುಡುಗು ಕೇಳಿ ಅರ್ಧ ತಾಸು ಆಗೋವರೆಗೆ ಹೊರಗೆ ಬರಬಾರದು. ಮಳೆ ನಿಂತ ಮೇಲೆ ಹೊರಗೆ ಬಂದು ಸಿಕ್ಕವರು ಬಹಳ ಜನ.

ಫೋನಿಗೆ ಚಾರ್ಜ್ ಇಲ್ಲದಿದ್ದರೂ, ನೆಟ್‌ವರ್ಕ್ ಹೋದರೂ ಈ ಲೆಕ್ಕ ನಡೆಯುತ್ತೆ. ಇದ್ದರೆ 'ದಾಮಿನಿ' ಆ್ಯಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರದ್ದು. ಕಳೆದ 5, 10, 15 ನಿಮಿಷದಲ್ಲಿ ಸಿಡಿಲು ಎಲ್ಲೆಲ್ಲಿ ಬಿತ್ತು ಅಂತ ನಕ್ಷೆ ಮೇಲೆ ಚುಕ್ಕಿ ತೋರಿಸುತ್ತೆ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. ಈ ಕೇಂದ್ರದ್ದು ಒಂದು ಮಜಾ ಇದೆ. 1988ರಲ್ಲಿ ಅದು ಶುರುವಾಗಿದ್ದು ಬರಗಾಲ ನೋಡಿಕೊಳ್ಳೋಕೆ. ಗ್ರಾಮ ಪಂಚಾಯತಿಗೊಂದರಂತೆ ಇಟ್ಟಿರೋ ಅವರ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸ್ತಾವೆ. ಮಳೆ ಎಷ್ಟು ಕಮ್ಮಿ ಬಿತ್ತು ಅಂತ ಎಣಿಸೋಕೆ ಹುಟ್ಟಿದ್ದು ಈಗ ಎಷ್ಟು ಜಾಸ್ತಿ ಬಿತ್ತು ಅಂತಾನೂ ಹೇಳ್ತಿದೆ. ರೋಣ, ಗಜೇಂದ್ರಗಡದವರಿಗೆ ಎರಡೂ ಬೇಕು.

ಕಾಕಾ ಮಾಡಿದ್ದು ತಪ್ಪಾ? ಎತ್ತನ್ನ ನೆರಳಿಗೆ ಕಟ್ಟೋದು ಅವನಿಗೆ ಅವನಪ್ಪ ಕಲಿಸಿದ್ದು. ಬಯಲು ಹೊಲದಲ್ಲಿ ಒಂಟಿ ಗಿಡನೇ ಎಲ್ಲಕ್ಕಿಂತ ಎತ್ತರ, ಹಂಗಾಗಿ ಸಿಡಿಲಿಗೆ ಅದೇ ದಾರಿ. ಗಿಡದಿಂದ ಇಳಿದ ಕರೆಂಟ್ ನೆಲದಲ್ಲಿ ಸುತ್ತಲೂ ಹರಡುತ್ತೆ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ದೂರ ಜಾಸ್ತಿ ಇರೋದರಿಂದ ದನಗಳ ಮೈಯೊಳಗೆ ಅದು ಒಂದು ಕಾಲಿಂದ ಹತ್ತಿ, ಎದೆ ದಾಟಿ, ಇನ್ನೊಂದು ಕಾಲಿಗೆ ಇಳಿಯುತ್ತೆ. ಅದಕ್ಕೇ ಒಂದು ಗಿಡದ ಕೆಳಗೆ ಹಿಂಡು ಹಿಂಡೇ ಹೋಗೋದು. ಮನುಷ್ಯ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು ಅನ್ನೋದೂ ಇದೇ ಕಾರಣಕ್ಕೆ. ಮಲಗಬಾರದು, ಒಬ್ಬರಿಗೊಬ್ಬರು ಅಂಟಿಕೊಂಡು ಕೂರಬಾರದು. ಆದರೆ ಅದು ಬೇರೆ ದಾರಿ ಇಲ್ಲದಾಗ ಮಾತ್ರ. ಗೋಡೆ ಇರೋ ಪಕ್ಕಾ ಮನೆ, ಕಿಟಕಿ ಹಾಕಿದ ಬಸ್ಸು, ಕಾರು ಆದರೆ ಸರಿ. ನಾಲ್ಕು ಕಂಬದ ತಗಡಿನ ಶೆಡ್ಡು, ಟ್ರ್ಯಾಕ್ಟರ್ ಸೀಟು ಲೆಕ್ಕಕ್ಕಿಲ್ಲ. ಮೊಬೈಲ್ ಸಿಡಿಲನ್ನ ಎಳೆಯುತ್ತೆ ಅನ್ನೋದು ಸುಳ್ಳು. ಚಾರ್ಜಿಗೆ ಹಾಕಿದ ಮೊಬೈಲ್ ಹಿಡ್ಕೊಂಡು ಮಾತಾಡೋದು ಮಾತ್ರ ಬೇಡ. ಇನ್ನೊಂದು: ಸಿಡಿಲು ಬಡಿದವರನ್ನ ಮುಟ್ಟಿದರೆ ಶಾಕ್ ಹೊಡೆಯಲ್ಲ. ಕಾಕಾನ್ನ ನೋಡಿದ ಪಕ್ಕದ ಹೊಲದವರು ಮುಟ್ಟೋಕೆ ಹೆದರಿ ಸ್ವಲ್ಪ ಹೊತ್ತು ನಿಂತೇ ಇದ್ದರು. ಉಸಿರು ನಿಂತಿದ್ದರೆ ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು, ಆ ನಿಮಿಷಗಳೇ ಮುಖ್ಯ.

ದನ ಸತ್ತರೆ ಹೂಳೋ ಮೊದಲು ಪಶುವೈದ್ಯರನ್ನೂ ತಲಾಠಿಯನ್ನೂ ಕರೆಸಿ. ಮರಣೋತ್ತರ ಪರೀಕ್ಷೆ, ಪಂಚನಾಮೆ ಇಲ್ಲದಿದ್ದರೆ ಪರಿಹಾರ ಇಲ್ಲ. 2022–26ರ ಕೇಂದ್ರದ ಮಾನದಂಡದಲ್ಲಿ ಒಂದು ಉಳುಮೆ ಎತ್ತಿಗೆ 32,000 ರೂಪಾಯಿ. ಸಂತೆಯಲ್ಲಿ ಒಳ್ಳೇ ಎತ್ತು ಆ ರೇಟಿಗೆ ಸಿಗಲ್ಲ, ಅದು ಬೇರೆ ಮಾತು.

ಇಷ್ಟು ಸಿಡಿಲಿನದ್ದಾಯ್ತು. ಮುಶಿಗೇರಿಯಲ್ಲಿ ಹೊಳೆ ಇಲ್ಲ, ನಮಗೆ ಭಯ ಮೇಲಿಂದಾನೇ. ಆದರೆ ನಮ್ಮ ಅಕ್ಕನ್ನ ಕೊಟ್ಟಿರೋದು ರೋಣ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗೆ, ಮೆಣಸಗಿಯಿಂದ ಕೆಳಗೆ. ಅಲ್ಲಿಯ ಕತೆ ಪೂರ್ತಿ ಬೇರೆ. ಸಿಡಿಲಿನ ಎಚ್ಚರಿಕೆಗೆ ನಿಮಿಷಗಳ ಟೈಮು. ಹೊಳೆಯ ಎಚ್ಚರಿಕೆಗೆ ತಾಸುಗಟ್ಟಲೆ ಟೈಮು. ಆದರೂ ಅಲ್ಲಿ ಮನೆಗಳು ಹೋಗಿವೆ.

ಯಾಕೆ ಅಂದ್ರೆ ಅಲ್ಲಿ ನೀರು ಬರೋ ದಿನ ಮಳೆ ಇರಲೇಬೇಕು ಅಂತಿಲ್ಲ. ಮಲಪ್ರಭೆ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದೊಳಗೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಡ್ಯಾಮ್, 37.73 ಟಿಎಂಸಿ ಹಿಡಿಯುತ್ತೆ. ಅಲ್ಲಿ ಜೋರು ಮಳೆ ಆದರೆ, ಡ್ಯಾಮ್ ತುಂಬಿದರೆ, ಗೇಟ್ ತೆಗೀತಾರೆ. ಆಗ ರೋಣದಲ್ಲಿ ಬಿಸಿಲು ಬಿದ್ದಿರಬಹುದು, ಜನ ಹೆಸರು ಒಣಗಿಸ್ತಾ ಇರಬಹುದು. ಬಿಸಿಲಿನಲ್ಲಿ ನಿಂತವರಿಗೆ ಪ್ರವಾಹ ಬರ್ತಿದೆ ಅಂದ್ರೆ ಹೆಂಗೆ ನಂಬ್ತಾರೆ?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರಲ್ಲ, ಸಣ್ಣವರು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಆಮೇಲೆ 'ಆಸರೆ' ಮನೆಗಳು ಬಂದವು, ಹೊಳೆದಂಡೆಯ ಊರುಗಳಿಗೆ ನವಗ್ರಾಮ ಆದವು. ಆದರೆ ಹೊಲ, ದನದ ಕೊಟ್ಟಿಗೆ, ಗುಡಿ ಎಲ್ಲ ಹಳೇ ಊರಲ್ಲೇ. ಎಷ್ಟೋ ಮನೆಯವರು ಹಳೇ ಊರಲ್ಲೇ ಉಳಿದರು, ಅಕ್ಕನ ಮನೆಯವರೂ ಸೇರಿ. 2019ರ ಆಗಸ್ಟಿನಲ್ಲಿ ಮತ್ತೆ ಬಂತು. ನರಗುಂದ ತಾಲ್ಲೂಕಿನ ಲಖಮಾಪುರಕ್ಕೆ ನೀರು ಸುತ್ತುಗಟ್ಟಿತು. ಕೊಣ್ಣೂರು ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಮೇಲೇ ನೀರು ಹರಿದು ಬಸ್ಸು, ಲಾರಿ ನಿಂತವು.

ಆವತ್ತು ಅಕ್ಕನ ಊರಲ್ಲಿ ಡಂಗುರ ಸಾರಿದ್ದರು, ಆಟೋದಲ್ಲಿ ಮೈಕ್ ಕಟ್ಟಿ ಕೂಗಿದ್ದರು. ಎಚ್ಚರಿಕೆ ಬಂದಿರಲಿಲ್ಲ ಅಂತಿಲ್ಲ. ಆದರೆ ಕೂಗಿದ್ದು ಇಷ್ಟು ಸಾವಿರ ಕ್ಯೂಸೆಕ್ಸ್ ನೀರು ಬಿಡಲಾಗಿದೆ, ನದಿಪಾತ್ರದ ಜನ ಎಚ್ಚರದಿಂದಿರಬೇಕು ಅಂತ. ಅಕ್ಕನ ಅತ್ತೆ ಬಾಗಿಲಿಗೆ ಬಂದು ಕೇಳಿದರಂತೆ: "ಅಷ್ಟಂದ್ರ ನಮ್ಮ ಕಟ್ಟಿಗೆ ಬರತೈತೋ, ಅಡಗಿಮನಿಗೆ ಬರತೈತೋ ಅದನ್ನ ಹೇಳ್ರೆಪಾ." ಆಟೋದವನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಓಣಿಗೆ ಹೋದ. ಅತ್ತೆ ಕಟ್ಟೆ ಅಂತ ತಿಳ್ಕೊಂಡರು. ನೀರು ಬಂದಿದ್ದು ಅಡಿಗೆಮನೆಗೆ. ಆ ವರ್ಷದ ಹೆಸರು ಅಷ್ಟೂ ಚೀಲದೊಳಗೇ ಮೊಳಕೆ ಬಂತು.

ಕ್ಯೂಸೆಕ್ಸ್ ಅಂದ್ರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, 28 ಲೀಟರ್ ಚಿಲ್ಲರೆ. ಹತ್ತು ಸಾವಿರ ಕ್ಯೂಸೆಕ್ಸ್ ಅಂದ್ರೆ ಸೆಕೆಂಡಿಗೆ 2.83 ಲಕ್ಷ ಲೀಟರ್. ನಮ್ಮೂರಿಗೆ ಬೇಸಿಗೆಯಲ್ಲಿ ಐದು ಸಾವಿರ ಲೀಟರಿನ ಟ್ಯಾಂಕರ್ ಬರುತ್ತಲ್ಲ, ಒಂದೊಂದು ಸೆಕೆಂಡಿಗೂ ಅಂಥ ಐವತ್ತಾರು ಟ್ಯಾಂಕರ್. ಲೆಕ್ಕ ಹಾಕಿ ಅಕ್ಕನಿಗೆ ಹೇಳಿದೆ, ಖುಷಿಯಿಂದ. ಅವಳು "ಅದs ಕೇಳಿದ್ದು, ಎಲ್ಲಿತನಕಾ ಬರತೈತಿ?" ಅಂದಳು.

ಅದಕ್ಕೆ ಭಾವ ಒಂದು ಕೆಲಸ ಮಾಡಿದ್ದಾರೆ. 2009ರಲ್ಲಿ ನೀರು ನಿಂತ ಗುರುತು, 2019ರ ಗುರುತು ಗೋಡೆ ಮೇಲೆ ಇದ್ದೇ ಇತ್ತು. ಈಗ ಪ್ರತಿ ಮಳೆಗಾಲ ಡ್ಯಾಮಿನಿಂದ ಎಷ್ಟು ಬಿಟ್ಟರು ಅಂತ ಕೂಗಿದಾಗ, ಹೊಳೆಗೆ ಇಳಿಯೋ ಎಷ್ಟನೇ ಮೆಟ್ಟಿಲಿಗೆ ನೀರು ಬಂತು, ಎಷ್ಟು ತಾಸಿಗೆ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೀತಾರೆ. ದೊಡ್ಡ ವಿಜ್ಞಾನ ಏನಲ್ಲ. ಆದರೆ ಈಗ ಮೈಕಿನಲ್ಲಿ ಒಂದು ಅಂಕಿ ಕೇಳಿದರೆ ಓಣಿಯವರು ಅವರ ಮನೆಗೆ ಬರ್ತಾರೆ.

ಒಂದು ಸಲ ಆ ನೋಟ್‌ಬುಕ್ ಕೂಡ ಕೈ ಕೊಟ್ಟಿತು. ಡ್ಯಾಮಿನಿಂದ ಬಿಟ್ಟಿದ್ದು ಸ್ವಲ್ಪ, ನೀರು ಬಂದಿದ್ದು ಬಹಳ. ಕಾರಣ ಬೆಣ್ಣೆಹಳ್ಳ. ಶಿಗ್ಗಾವಿ ಕಡೆಯಿಂದ ಬಂದು, ಹುಬ್ಬಳ್ಳಿ, ನವಲಗುಂದ ತಾಲ್ಲೂಕು ದಾಟಿ, ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತೆ. ಹೆಸರಿಗೆ ಹಳ್ಳ. ಬೇಸಿಗೆಯಲ್ಲಿ ನೋಡಿದರೆ ದಾಟಿಕೊಂಡು ಹೋಗಬಹುದು. ಆದರೆ ಸುತ್ತಲೂ ಎರೆಭೂಮಿ, ಸಪಾಟು ನೆಲ. ಎರೆ ಒಮ್ಮೆ ನೆನೆದು ಉಬ್ಬಿತು ಅಂದ್ರೆ ಮತ್ತೆ ನೀರು ಕುಡಿಯಲ್ಲ, ಬಿದ್ದಷ್ಟೂ ಹಳ್ಳಕ್ಕೇ. ಅದನ್ನ ಹಿಡಿಯೋಕೆ ನಡುವೆ ನವಿಲುತೀರ್ಥದಂಥ ಡ್ಯಾಮ್ ಇಲ್ಲ. ಗೇಟ್ ಇಲ್ಲ ಅಂದ್ರೆ ಗೇಟ್ ತೆಗೆದ ಸುದ್ದಿನೂ ಇಲ್ಲ.

ನಾನಿರೋದು ಹುಬ್ಬಳ್ಳಿಯಲ್ಲಿ ಅಂದೆನಲ್ಲ. ಇದು ಗೊತ್ತಾದ ದಿನ ತಲೆ ಗಿರ್ ಅಂತು. ನನ್ನ ರೂಮಿನ ಕಿಟಕಿಯಿಂದ ಕಾಣೋ ಮಳೆ, ಟ್ರಾಫಿಕ್ ಜಾಮ್ ಅಂತ ನಾನು ಸ್ಟೇಟಸ್ ಹಾಕೋ ಮಳೆ, ನಾಳೆ ಅಕ್ಕನ ಮನೆ ಮುಂದೆ ಹೋಗೋ ನೀರು. ಅಕ್ಕನಿಗೆ ಬೇಕಾದ ಎಚ್ಚರಿಕೆ ನನ್ನ ಕಿಟಕಿಯಲ್ಲೇ ಇದೆ, ಇಷ್ಟು ವರ್ಷ ನಾನು ಅದರ ಫೋಟೋ ತೆಗೀತಿದ್ದೆ.

ಈಗ ಹುಬ್ಬಳ್ಳಿಯಲ್ಲಿ ಎರಡು ತಾಸು ಬಿಡದೆ ಮಳೆ ಹೊಡೆದರೆ ಅಕ್ಕನಿಗೆ ಫೋನ್ ಹೋಗುತ್ತೆ. ಕ್ಯೂಸೆಕ್ಸ್ ಹೇಳಲ್ಲ. "ಹಳ್ಳ ಬರತೈತಿ, ದನ ಮ್ಯಾಲೆ ಹೊಡೀರಿ, ಚೀಲ ಅಟ್ಟಕ್ಕ ಹಾಕ್ರಿ" ಅಂತೀನಿ. ಭಾವನಿಗೆ ಇನ್ನೊಂದು ಮಾತು, ಬೈಕ್ ತಗೊಂಡು ಸೇತುವೆ ಕಡೆ ಹೋಗಬೇಡಿ ಅಂತ. ಮೊಣಕಾಲಷ್ಟೇ ಐತಿ ಅಂತ ಇಳಿದು ಹೋದವರ ಸುದ್ದಿ ಪ್ರತಿ ವರ್ಷ ಓದ್ತೀವಿ. ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿಂದ ಕಾಣಲ್ಲ.

2023ರ ಅಕ್ಟೋಬರ್ 12ಕ್ಕೆ ರಾಜ್ಯದಲ್ಲಿ ಎಲ್ಲರ ಫೋನು ಒಮ್ಮೆಗೇ ಕಿರುಚಿಕೊಂಡಿದ್ದು ನೆನಪಿದೆಯಾ? ಅದು ಟೆಸ್ಟ್. ಟವರ್ ಹಿಡಿದು ಆ ಜಾಗದಲ್ಲಿರೋ ಎಲ್ಲ ಫೋನಿಗೂ ಕಳಿಸೋ ವ್ಯವಸ್ಥೆ. ಒಳ್ಳೇದೇ. ಆದರೆ ಹುಬ್ಬಳ್ಳಿಯ ಟವರಿನಲ್ಲಿರೋ ನನಗೆ ಮುಶಿಗೇರಿಯದು ಬರಲ್ಲ, ಮುಶಿಗೇರಿಯಲ್ಲಿರೋ ಕಾಕಾನ ಹಳೇ ಕೀಪ್ಯಾಡ್ ಫೋನಿಗೂ ಬರಲಿಲ್ಲ. ಅವನಿಗೆ ಮೆಸೇಜ್ ಬರೋದು ರೀಚಾರ್ಜ್ ಆಫರಿನದ್ದು, ಅದೂ ಇಂಗ್ಲಿಷಿನಲ್ಲಿ. 'ಸಚೇತ್' ಆ್ಯಪಿನಲ್ಲಿ ನೀವಿಲ್ಲದ ಊರಿನ ಎಚ್ಚರಿಕೆಯನ್ನೂ ನೋಡಬಹುದು. ಬೆಂಗಳೂರಿನಲ್ಲಿ, ಗೋವಾದಲ್ಲಿ, ಮಂಗಳೂರಿನಲ್ಲಿ ದುಡಿಯೋರು ನಿಮ್ಮೂರಿನದು ಹಾಕ್ಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಬರೋ ಡ್ಯಾಮ್ ಒಡೆದ ವಿಡಿಯೋ ಮಾತ್ರ ತಾರೀಖು, ಟೈಮ್ ನೋಡದೆ ಮುಂದೆ ಕಳಿಸಬೇಡಿ. ಎಲ್ಲಿಯದೋ, ಯಾವ ವರ್ಷದ್ದೋ. ಅನುಮಾನ ಇದ್ದರೆ ಜಿಲ್ಲಾಡಳಿತದ 1077 ಇದೆ.

ಕಾಕಾ ಮತ್ತೆ ಜೋಡೆತ್ತು ಕಟ್ಟಲಿಲ್ಲ. ಟ್ರ್ಯಾಕ್ಟರ್ ಬಾಡಿಗೆಗೆ ಕರೀತಾನೆ. ನಾನು ಈಗ ಅಲರ್ಟ್ ಬಂದ ಕೂಡಲೇ ಅವನಿಗೆ ಫೋನ್ ಮಾಡ್ತೀನಿ. ಬಲಗಿವಿಗೆ ಹಿಡ್ಕೊಂಡು ಕೇಳ್ತಾನೆ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗಲ್ಲ. ಆಗ ಸಂಜೆ ನಾನೇ ಮತ್ತೆ ಫೋನ್ ಮಾಡಿ "ಇವತ್ತ ನಮ್ಮ ಕಡೆ ಬರಲಿಲ್ಲ, ಬ್ಯಾರೆ ಕಡೆ ಹೋತು" ಅಂತ ಹೇಳ್ತೀನಿ. ಅದನ್ನ ಹೇಳದಿದ್ದರೆ ಮುಂದಿನ ಸಲ ಅವನೂ ನನ್ನ ಹಂಗೇ ಸರಿಸಿಬಿಡ್ತಾನೆ.

ಹೋದ ವಾರ ಫೋನ್ ಮಾಡಿದಾಗ ಅವನು ಮೊದಲೇ ಮನೆಯಲ್ಲಿದ್ದ. ಹಿಂದೆ ಅಮ್ಮನ ಧ್ವನಿ, ಅರ್ಜುನನ ಹೆಸರು, ಆರನೇದಕ್ಕೋ ಏಳನೇದಕ್ಕೋ ಗುಡುಗಿತು, ನನಗೂ ಕೇಳಿಸಿತು. "ನಾ ಒಳಗ ಅದೀನಿ ಬಿಡು. ನಮ್ಮ ಹೊಲದಾಗ ಕುರಿ ಹಾಕ್ಯಾರಲ್ಲ, ಆ ಕುರಿಗಾರ ಹುಡುಗೂರು ಅಲ್ಲೇ ಬಯಲಾಗ ಅದಾವು. ಅವರ ಕಡೆ ಫೋನ್ ಐತಿ, ನಂಬರ್ ಯಾರ ಕಡೇನೂ ಇಲ್ಲ" ಅಂದ. ಪಕ್ಕದ ಮನೆಯ ಹುಡುಗನ್ನ ಅವರ ಕಡೆ ಓಡಿಸೋದು ಈಗ ಆಗಲ್ಲ, ಗುಡುಗು ಹತ್ತಿರ ಇದೆ. ಇಬ್ಬರೂ ಫೋನ್ ಹಿಡ್ಕೊಂಡು ಸುಮ್ಮನೆ ಕೂತೆವು, ಅಮ್ಮ ಎಣಿಸ್ತಾ ಇದ್ದಳು. ಹುಡುಗರಿಗೆ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಹೊಲಕ್ಕೆ ಹೋಗಿ ನಂಬರ್ ಇಸ್ಕೊಂಡು ಬಂದ, ನನಗೆ ಓದಿ ಹೇಳಿದ. ಎರಡು ನಂಬರ್. ನನ್ನ ಫೋನಿನಲ್ಲಿ "ಕುರಿ ಒಂದು", "ಕುರಿ ಎರಡು" ಅಂತ ಸೇವ್ ಮಾಡಿದ್ದೀನಿ.